ಅಂಗಡಿಯಲ್ಲಿಲ್ಲದ್ದು ಗದ್ದೆಯಲ್ಲೂ ಉಳಿಯದು

ಕೋಟ, ಕುಂದಾಪುರ, ಬೈಂದೂರು ಸೀಮೆಯಲ್ಲಿ ಮುಂಬಯಿಗೋ ಬೆಂಗಳೂರಿಗೋ ಒಬ್ಬರನ್ನಾದರೂ ಕಳುಹಿಸದ ಮನೆ ವಿರಳ. ಹೋಟೆಲು, ಬೇಕರಿ, ಕಚೇರಿಗಳನ್ನು ನಂಬಿ ಹೋದ ಈ ಜನ ಅಲ್ಲಿ ಸಂಘ ಕಟ್ಟಿದ್ದಾರೆ, ಯಕ್ಷಗಾನ ಆಡಿಸಿದ್ದಾರೆ, ಊರಿನ ದೇವಸ್ಥಾನಗಳ ಜೀರ್ಣೋದ್ಧಾರಕ್ಕೆ ಧನಸಹಾಯ ಮಾಡಿದ್ದಾರೆ. ಅವರ ದಿನಸಿ ಖರೀದಿ ಮಾತ್ರ ಊರಿನ ಗದ್ದೆ, ತೋಟ, ಕಾಡುಗಳ ನಂಟನ್ನು ಬಹುತೇಕ ಕಳೆದುಕೊಂಡಿದೆ.

ವಲಸೆ ಹೋದವರು ಅಂಗಡಿಯನ್ನೇ ಕಟ್ಟಿಕೊಂಡ ಉದಾಹರಣೆ ದೂರದ ಅಮೆರಿಕದಲ್ಲಿದೆ. 1907ರಲ್ಲಿ ಮಿನ್ನೆಸೋಟಾದ ಮೆಸಾಬಿ ಕಬ್ಬಿಣದ ಗಣಿಗಳಲ್ಲಿ ನಡೆದ ಮುಷ್ಕರದ ಬಳಿಕ ಫಿನ್‌ಲೆಂಡಿನಿಂದ ಬಂದ ಕಾರ್ಮಿಕರನೇಕರು ಕೆಲಸ ಕಳೆದುಕೊಂಡರು. ಮರದ ಕಂಪೆನಿಗಳು ಪೈನ್ ಕಾಡನ್ನು ಕಡಿದು ಬರಿದು ಮಾಡಿದ್ದ ನೆಲದಲ್ಲಿ ಅವರು ಬೊಡ್ಡೆಗಳನ್ನು ಕಿತ್ತು ಬೇಸಾಯಕ್ಕಿಳಿದರು. ವರ್ತಕರು ಸಾಲ ಕೊಡಲು ನಿರಾಕರಿಸಿದಲ್ಲಿ ತಾವೇ ಪಾಲು ಹಾಕಿ ಸಹಕಾರಿ ಅಂಗಡಿ ತೆರೆದರು. 1917ರಲ್ಲಿ ಇಂಥ ಅಂಗಡಿಗಳು ವಿಸ್ಕಾನ್ಸಿನ್‌ನ ಸುಪೀರಿಯರ್ ಪಟ್ಟಣದಲ್ಲಿ ಒಂದು ಸಗಟು ಸಂಸ್ಥೆಯನ್ನು ಹುಟ್ಟುಹಾಕಿದವು. 1929-30ರಲ್ಲಿ ಅದನ್ನು ಕಮ್ಯುನಿಸ್ಟ್ ಪಕ್ಷದ ಅಧೀನಕ್ಕೆ ತರುವ ಯತ್ನ ನಡೆದಾಗ, ಅಂಗಡಿ ಪಕ್ಷದ್ದಲ್ಲ, ಸದಸ್ಯರದ್ದು ಎಂದು ಬಹುಮತ ತೀರ್ಮಾನಿಸಿತು. ಸಂಸ್ಥೆ ಒಡೆದರೂ ಅಳಿಯಲಿಲ್ಲ. 1963ರಲ್ಲಿ ಇನ್ನೊಂದು ಸಹಕಾರಿ ಒಕ್ಕೂಟದಲ್ಲಿ ವಿಲೀನಗೊಳ್ಳುವವರೆಗೂ ನಡೆಯಿತು.

ನಮ್ಮ ಕರಾವಳಿಯ ವಲಸಿಗರೂ ಸಹಕಾರವನ್ನು ಅರಿಯದವರಲ್ಲ. ಬೈಂದೂರಿಗೆ ಉತ್ತರದ ಶಿರಾಲಿಯಲ್ಲಿ ಮಠವಿರುವ ಚಿತ್ರಾಪುರ ಸಾರಸ್ವತ ಸಮಾಜದ ಶ್ರೀಪಾದ ಸುಬ್ರಾವ್ ತಲ್ಮಕಿಯವರು 1906ರಲ್ಲಿ ಮುಂಬಯಿಯಲ್ಲಿ ಶಾಮರಾವ್ ವಿಠ್ಠಲ ಸಹಕಾರಿ ಸಂಸ್ಥೆಯನ್ನು ಆರಂಭಿಸಿದರು. 1915ರಲ್ಲಿ ಅದೇ ಸಮಾಜದವರ ವಸತಿ ಸಹಕಾರ ಸಂಘ ಗಾಮ್‌ದೇವಿಯಲ್ಲಿ ಸ್ಥಾಪನೆಯಾಯಿತು. ಸಾಲ, ಸೂರು ಎರಡಕ್ಕೂ ಊರಿನವರ ಪರಸ್ಪರ ನಂಬಿಕೆಯೇ ಆಧಾರವಾಗಿತ್ತು. ಇತ್ತ ಜಿಲ್ಲೆಯಲ್ಲಿ, ಕುಂದಾಪುರ ಸೀಮೆಯ ಮೊಳಹಳ್ಳಿಯ ಹೆಸರು ಹೊತ್ತ ಶಿವರಾಯರು ಸಹಕಾರಿ ಚಳವಳಿಗೆ ಬುನಾದಿ ಹಾಕಿದರು. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು 1914ರಲ್ಲಿ ಪುತ್ತೂರಿನಲ್ಲಿ ಹುಟ್ಟಿತು.

ಒಂದು ವ್ಯತ್ಯಾಸವನ್ನು ಓದುಗರು ಗಮನಿಸಬೇಕು. ಫಿನ್ನಿಷ್ ರೈತರ ಸಹಕಾರ ಅಂಗಡಿಯಿಂದ ಆರಂಭವಾಯಿತು; ನಮ್ಮದು ಸಾಲದಿಂದ. 1904ರ ಕಾಯಿದೆ ಪತ್ತಿನ ಸಂಘಗಳಿಗಷ್ಟೇ ಮಾನ್ಯತೆ ನೀಡಿತ್ತು; ಇತರ ಬಗೆಯ ಸಂಘಗಳಿಗೆ 1912ರ ಕಾಯಿದೆಯಿಂದ ದಾರಿಯಾಯಿತು. ಈ ಪರಂಪರೆಯ ಗುರುತು ಇಂದಿಗೂ ಅಳಿದಿಲ್ಲ. ಗ್ರಾಮದ ಸಹಕಾರಿ ಸಂಘವೆಂದರೆ ರೈತನಿಗೆ ಮೊದಲು ನೆನಪಾಗುವುದು ಬೆಳೆಸಾಲ, ಬಳಿಕ ಗೊಬ್ಬರ. ಅಡಿಕೆಗೆ 1973ರಲ್ಲಿ ಕ್ಯಾಂಪ್ಕೊ ಬಂದಿತು. ಊರ ತಳಿಯ ಕುಚ್ಚಲಕ್ಕಿ, ಹಲಸಿನ ಹಪ್ಪಳ, ಪುನರ್ಪುಳಿ, ಅಪ್ಪೆಮಿಡಿ, ಜೇನುಗಳಿಗೆ ಅಂಥ ಬಲವಾದ ಆಸರೆ ದೊರೆಯಲಿಲ್ಲ.

ಕೃಷಿ ವಿಜ್ಞಾನದ ದೃಷ್ಟಿಯಿಂದಲೂ ಇದು ಕೇವಲ ವ್ಯಾಪಾರದ ವಿಷಯವಲ್ಲ. ಭತ್ತದ ತಳಿ ಬೀಜ ಭಂಡಾರದ ಶೀತಗೃಹದಲ್ಲಿ ಕೆಡದೆ ಉಳಿಯಬಹುದು. ಆದರೆ ವರ್ಷವರ್ಷವೂ ಬಿತ್ತುವವರಿದ್ದರೆ ಮಾತ್ರ ಅದು ಮಣ್ಣು, ಮಳೆ, ಕೀಟಗಳೊಂದಿಗೆ ಹೊಂದಿಕೊಳ್ಳುತ್ತ ಬೆಳೆಯುತ್ತದೆ. ಬಿತ್ತುವವನಿಗೆ ಕೊಳ್ಳುವವನ ಭರವಸೆ ಬೇಕು. ಕಾಡಿನ ಅಂಚಿನ ಅಪ್ಪೆಮರ ನಾಟಾ ಆಗದೆ ನಿಲ್ಲಬೇಕಾದರೆ ಅದರ ಮಿಡಿಗೆ ನ್ಯಾಯವಾದ ಬೆಲೆ ಸಿಗಬೇಕು.

ಆದ್ದರಿಂದ ನಮ್ಮ ಸೂಚನೆ ಸರಳ. ನಗರಗಳಲ್ಲಿರುವ ಊರ ಸಂಘಗಳು ತಮ್ಮ ಸದಸ್ಯರಿಗೆ ವರ್ಷಕ್ಕೆ ಬೇಕಾಗುವ ಅಕ್ಕಿಯ ಲೆಕ್ಕವನ್ನು ಮುಂಗಾರಿಗೆ ಮುನ್ನವೇ ಕೂಡಿಸಲಿ. ಇಲ್ಲಿನ ಸಹಕಾರಿ ಸಂಘಗಳು ಆ ಬೇಡಿಕೆಯನ್ನು ಬೆಳೆಗಾರರಿಗೆ ಹಂಚಿ, ಬೆಲೆಯನ್ನು ಬಿತ್ತನೆಗೆ ಮೊದಲೇ ನಿಗದಿಪಡಿಸಲಿ. ಮೊದಲ ವರ್ಷ ಒಂದೇ ತಳಿ, ಕೆಲವೇ ಎಕರೆಯಾದರೂ ಸಾಕು. ದೇವಸ್ಥಾನಕ್ಕೆ ವಂತಿಗೆ ಕೂಡಿಸಬಲ್ಲ ಕೈಗಳಿಗೆ ಇದು ಅಸಾಧ್ಯವೇನಲ್ಲ. ಗದ್ದೆಗಳು ಹಡಿಲು ಬೀಳುತ್ತಿರುವ ಈ ಹೊತ್ತಿನಲ್ಲಿ ಇದಕ್ಕೆ ಹೆಚ್ಚು ಕಾಲ ಕಾಯುವಂತಿಲ್ಲ.