ನಕ್ಷೆಗೆ ಬಣ್ಣ ಬೀಳುವ ಮೊದಲು ಒಂದು ಅರ್ಜಿ ಬರೆಯಿರಿ

ದೇವನಹಳ್ಳಿ, ವಿಜಯಪುರ ಪಟ್ಟಣಗಳ ಮತ್ತು ಸುತ್ತಲ ಹಳ್ಳಿಗಳ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಭೂಮಿ ಉಳಿಸಿಕೊಳ್ಳಲು ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಆ ಭೂಸ್ವಾಧೀನವನ್ನು ಕೈಬಿಟ್ಟಿತು. ಆ ಗೆಲುವಿಗೆ ನಾವು ತಲೆಬಾಗುತ್ತೇವೆ. ಸ್ವಾಧೀನದ ನೋಟಿಸು ಮನೆ ಬಾಗಿಲಿಗೇ ಬಂದಿತ್ತು, ಊರಿಗೆ ಊರೇ ಎದ್ದು ನಿಂತಿತು. ಮಾಸ್ಟರ್ ಪ್ಲಾನ್ ಹಾಗೆ ಬರುವುದಿಲ್ಲ. ಯೋಜನಾ ಪ್ರಾಧಿಕಾರದ ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿನ ಮೇಲೆ ಹಳದಿ ಬಿದ್ದರೆ ವಸತಿ, ನೇರಳೆ ಬಿದ್ದರೆ ಕೈಗಾರಿಕೆ. ನೀವು ಅಲ್ಲಿ ರಾಗಿ ಬಿತ್ತುತ್ತಲೇ ಇರುತ್ತೀರಿ, ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಲೇ ಇರುತ್ತೀರಿ. ಕಾಗದದ ಮೇಲೆ ಮಾತ್ರ ಅದು ಆಗಲೇ ಬಡಾವಣೆ. ಪಕ್ಕದವರು ಮಾರಿದರು, ದಾರಿ ಮುಚ್ಚಿತು, ಕಾಲುವೆ ಕಟ್ಟಿಕೊಂಡಿತು ಎಂದಾಗ ನೀವೂ ಮಾರಬೇಕಾಗುತ್ತದೆ. ಇದಕ್ಕೆ ಯಾವ ನೋಟಿಸೂ ಬೇಕಿಲ್ಲ.

2008ರಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಅದಕ್ಕೇ ಸುಮಾರು 4,000 ಎಕರೆ ಹೋಯಿತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದಾಯಿತು. ಈಗ ಹೊಲಕ್ಕೆ ಉಳಿದಿರುವ ದೊಡ್ಡ ಬೇಲಿಯೆಂದರೆ ನಕ್ಷೆಯ ಕೃಷಿ ವಲಯ.

ಏನು ಉಳಿಯಬೇಕು ಎಂದು ಕೇಳುವವರು ಇದ್ದಾರೆ. ಭೌಗೋಳಿಕ ಗುರುತು ಪಡೆದ ದೇವನಹಳ್ಳಿ ಚಕ್ಕೋತ ಉಳಿಯಬೇಕು. ಹೆಸರು ಮಾತ್ರ ಉಳಿದು ಮರ ಹೋದರೆ ಆ ಗುರುತು ಯಾರಿಗೆ? ದ್ರಾಕ್ಷಿ ಚಪ್ಪರ, ರೇಷ್ಮೆ, ಬೆಳಗಿನ ಜಾವ ಬೆಂಗಳೂರಿಗೆ ಹೋಗುವ ಸೊಪ್ಪು ತರಕಾರಿ ಉಳಿಯಬೇಕು. ಎಲ್ಲಕ್ಕಿಂತ ಮೊದಲು ಕೆರೆಗಳು. ವರ್ಷವಿಡೀ ಹರಿಯುವ ನದಿ ನಮಗಿಲ್ಲ. ಹಿರಿಯರು ಒಂದು ಕೆರೆಯ ಕೋಡಿ ನೀರು ಮುಂದಿನ ಕೆರೆಗೆ ಇಳಿಯುವಂತೆ ಸಾಲು ಕೆರೆ ಕಟ್ಟಿದರು. ನಡುವಿನ ರಾಜಕಾಲುವೆಯ ಮೇಲೆ ಒಂದು ಕಾಂಪೌಂಡ್ ಎದ್ದರೆ ಕೆಳಗಿನ ಎಲ್ಲ ಕೆರೆಗಳೂ ಒಣಗುತ್ತವೆ. ಸಾವಿರ ಅಡಿ ಕೊರೆದರೂ ನೀರು ಸಿಗದ ಕೊಳವೆಬಾವಿಗಳನ್ನು ನಾವು ನೋಡಿದ್ದೇವೆ. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ, ಹೆಬ್ಬಾಳ–ನಾಗವಾರ ಕಣಿವೆಯಿಂದ ಪೈಪಿನಲ್ಲಿ ತಂದು ಈ ಸೀಮೆಯ ಕೆರೆ ತುಂಬಿಸುವ ಸ್ಥಿತಿಗೆ ಬಂದಿದ್ದೇವೆ. ಅಷ್ಟು ಖರ್ಚು ಮಾಡಿ ತಂದ ನೀರಿಗೂ ಕಾಲುವೆ ಬೇಕಲ್ಲವೇ? ಗುಂಡುತೋಪು, ಗೋಮಾಳ, ಕುಂಟೆಗಳ ಮಾತೂ ಇದೇ. ಪಹಣಿಯಲ್ಲಿ ಖರಾಬು ಎಂದು ಬರೆದಿರುವುದರಿಂದ ಅವು ಯಾರಿಗೂ ಬೇಡದ ಜಾಗ ಎಂದು ನಕ್ಷೆ ಮಾಡುವವರು ತಿಳಿದಾರು. ಅಲ್ಲಿ ಕುರಿ ಮೇಯುತ್ತದೆ, ಮಳೆ ನೀರು ಇಂಗುತ್ತದೆ ಎಂದು ಹೇಳಬೇಕಾದವರು ನಾವೇ.

ಮಕ್ಕಳಿಗೆ ಮನೆ ಬೇಡವೇ, ಕೆಲಸ ಬೇಡವೇ? ಬೇಕು. ಕಷ್ಟಕ್ಕೆ ಜಮೀನು ಮಾರಿದವರನ್ನು ನಾವು ದೂರುವುದೂ ಇಲ್ಲ. ಸೈಟು ಮಾರಾಟವಾಗಿ, ಮನೆ ಏಳದೆ, ಪಾರ್ಥೇನಿಯಂ ಬೆಳೆದು ನಿಂತ ಲೇಔಟುಗಳು ರಸ್ತೆಯುದ್ದಕ್ಕೂ ಕಾಣುತ್ತವೆ. ಮೊದಲು ಅವು ತುಂಬಲಿ. ಪಟ್ಟಣದೊಳಗೆ ನೀರು, ಚರಂಡಿ, ಬಸ್ಸು ಇರುವ ಕಡೆ ಮನೆ ಏಳಲಿ. ಹೊಲ ಅಳಿಸಿ ಮತ್ತೊಂದು ಖಾಲಿ ಲೇಔಟ್ ಮಾಡುವುದಕ್ಕೆ ನಮ್ಮ ಒಪ್ಪಿಗೆ ಇಲ್ಲ.

ಕಾಯ್ದೆ ನಮಗೆ ಬಾಯಿ ಕೊಟ್ಟಿದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಮಾಸ್ಟರ್ ಪ್ಲಾನನ್ನು ಕನಿಷ್ಠ ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ವಿಮಾನ ನಿಲ್ದಾಣ ಪ್ರದೇಶದ ಯೋಜನೆ 2021ಕ್ಕೆಂದು ಮಾಡಿದ್ದು, ಆ ಇಸವಿ ಕಳೆದುಹೋಗಿದೆ. ಪರಿಷ್ಕರಣೆಯ ನಕ್ಷೆ ಪ್ರಕಟವಾದ ದಿನದಿಂದ 60 ದಿನದೊಳಗೆ ಯಾರು ಬೇಕಾದರೂ ಆಕ್ಷೇಪಣೆ, ಸಲಹೆ ಕೊಡಬಹುದು. ವಕೀಲರು ಬೇಕಿಲ್ಲ, ಇಂಗ್ಲಿಷೂ ಬೇಕಿಲ್ಲ. ಕನ್ನಡದಲ್ಲಿ ಬರೆದ ಒಂದು ಹಾಳೆ ಸಾಕು. ನಡುವೆ ಒಂದೊಂದೇ ಸರ್ವೆ ನಂಬರಿನ ಭೂ ಉಪಯೋಗ ಬದಲಾಯಿಸಲು 14ಎ ಕಲಂ ಅಡಿ ಅರ್ಜಿ ಹೋಗುತ್ತದೆ. ಅದಕ್ಕೂ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು. ಒಳಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರುವ ಅದನ್ನು ಓದಿ. ನಿಮ್ಮ ಊರಿನ ಹೆಸರು ಕಂಡರೆ ಫೋಟೋ ತೆಗೆದು ಊರ ವಾಟ್ಸಾಪ್ ಗುಂಪಿಗೆ ಅಂದೇ ಹಾಕಿ.

ಈ ವಾರವೇ ಪಹಣಿ ಹಿಡಿದು ಯೋಜನಾ ಪ್ರಾಧಿಕಾರದ ಕಚೇರಿಗೆ ಹೋಗಿ, ನಿಮ್ಮ ಸರ್ವೆ ನಂಬರ್ ಯಾವ ವಲಯದಲ್ಲಿದೆ ಎಂದು ಕೇಳಿ. ಬಾಯಿಮಾತಿಗೆ ಒಪ್ಪಬೇಡಿ, ಬರವಣಿಗೆಯಲ್ಲಿ ಪಡೆಯಿರಿ. ಮುಂದಿನ ಗ್ರಾಮಸಭೆಗೆ ಮನೆಗೊಬ್ಬರಾದರೂ ಬನ್ನಿ, ಹೆಣ್ಣುಮಕ್ಕಳು ತಪ್ಪದೆ ಬನ್ನಿ. ಊರಿನ ಕೆರೆ, ಕುಂಟೆ, ರಾಜಕಾಲುವೆ, ತೋಪು, ಗೋಮಾಳಗಳನ್ನು ಸರ್ವೆ ನಂಬರ್ ಸಮೇತ ಪಟ್ಟಿ ಮಾಡಿಸಿ, ಇವು ಮತ್ತು ಇವುಗಳ ಸುತ್ತಲ ಸಾಗುವಳಿ ಜಮೀನು ಕೃಷಿ ವಲಯದಲ್ಲೇ ಉಳಿಯಬೇಕು ಎಂದು ನಿರ್ಣಯ ಬರೆಸಿ. ಪಟ್ಟಣದವರು ಪುರಸಭೆ ಸದಸ್ಯರಿಂದ ಇದೇ ನಿರ್ಣಯ ಮಾಡಿಸಿ. ಪ್ರತಿಯನ್ನು ಪ್ರಾಧಿಕಾರಕ್ಕೂ ಜಿಲ್ಲಾಧಿಕಾರಿಗೂ ಕೊಟ್ಟು, ಸೀಲು ಹಾಕಿದ ಸ್ವೀಕೃತಿ ಪಡೆದು ಮನೆಯಲ್ಲಿ ಜೋಪಾನವಾಗಿಡಿ. ಬರೆಯಲು ಬಾರದವರಿಗೆ ಬರೆದುಕೊಡಲು ನಾವಿದ್ದೇವೆ. ಈ ಕರಪತ್ರ ಕೊಟ್ಟವರನ್ನೇ ಕೇಳಿ.

ದೇವನಹಳ್ಳಿ ಸೀಮೆಯ ರೈತರು ಮತ್ತು ಪಟ್ಟಣವಾಸಿಗಳು