ಒಂದು ಯಂತ್ರಕ್ಕೆ ಇಬ್ಬರು ಕಾವಲುಗಾರರೇ?

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಸ್ವಂತ ಕಂಪ್ಯೂಟರು ಇಲ್ಲದ ಗೃಹಸ್ಥರಿಗೂ ಈಗ ಅದರ ಸಂಬಂಧವು ತಪ್ಪಿದ್ದಲ್ಲ. ಮಗನ ಅಂಕಪಟ್ಟಿ, ಬೆಳೆವಿಮೆಯ ಕಾಗದ, ತೊಗರಿ ಮಾರಿದ ಲೆಕ್ಕ, ಇವೆಲ್ಲವೂ ಪೆನ್‌ಡ್ರೈವ್ ಎಂಬ ಬೆರಳುದ್ದದ ವಸ್ತುವಿನೊಳಗೆ ಕುಳಿತು ಜೆರಾಕ್ಸ್ ಅಂಗಡಿಗೆ ಹೋಗಿ ಬರುತ್ತವೆ. ಅಂಗಡಿಯ ಯಂತ್ರಕ್ಕಾದರೋ ದಿನವೊಂದಕ್ಕೆ ಹತ್ತಾರು ಜನರ ಪೆನ್‌ಡ್ರೈವುಗಳ ಸ್ಪರ್ಶವಾಗುವುದು. ಮನೆಗೆ ಬಂದು ನೋಡಿದರೆ ಕಡತಗಳಿದ್ದ ಜಾಗದಲ್ಲೆಲ್ಲ ಬಾಣದ ಗುರುತುಳ್ಳ ಚಿತ್ರಗಳು ಮಾತ್ರ ಉಳಿದಿರುವುದನ್ನು ವಾಚಕರಲ್ಲಿ ಅನೇಕರು ಕಂಡಿರಬೇಕು. ಅಂತಹ ಸಮಯದಲ್ಲಿ ಎಲ್ಲವೂ ನಾಶವಾಯಿತೆಂದು ಭ್ರಮಿಸಿ ಪೆನ್‌ಡ್ರೈವನ್ನು ಅಳಿಸಿಬಿಡಕೂಡದು. ಸಾಮಾನ್ಯವಾಗಿ ಕಡತಗಳು ಒಳಗೇ ಅಡಗಿಸಲ್ಪಟ್ಟಿರುತ್ತವೆ. ಬಾಣದ ಚಿತ್ರವನ್ನು ಒತ್ತಿದೊಡನೆ ಓಡತೊಡಗುವುದು ಮಾತ್ರ ಆ ದುಷ್ಟ ಪ್ರೋಗ್ರಾಮು.

ಹೀಗೆ ಒಮ್ಮೆ ಹೆದರಿದ ಗೃಹಸ್ಥನು ಕೂಡಲೆ ಮಾಡುವ ಆಲೋಚನೆಯೇನೆಂದರೆ, ‘ಒಂದು ಆಂಟಿವೈರಸ್ ಸಾಲದಾಯಿತು, ಎರಡನ್ನು ಹಾಕಿಸೋಣ’ ಎಂಬುದು. ಮನೆಗೆ ಎರಡು ಬೀಗ ಹಾಕುವವನಿಗೆ ಈ ಯುಕ್ತಿಯು ಸಹಜವೇ. ಆದರೆ ಇದನ್ನು ಹೇಗೆ ಮಾಡಿದರೆ ಹಿತ, ಹೇಗೆ ಮಾಡಿದರೆ ಅಹಿತ ಎಂಬುದನ್ನು ಈ ತಿಂಗಳು ವಿಚಾರಿಸಬೇಕೆಂದಿರುವೆವು.

ಮೊದಲು ಶಬ್ದದ ಮಾತು. ನಮ್ಮಂತಹ ಹಳೆಯ ಉಪಾಧ್ಯಾಯರಿಗೆ ಅದನ್ನು ಬಿಟ್ಟು ಮುಂದೆ ಹೋಗುವುದು ಕಷ್ಟ. ‘ವೈರಸ್’ ಎಂಬುದು ಲ್ಯಾಟಿನ್ ಭಾಷೆಯಲ್ಲಿ ನಂಜೆಂಬ ಅರ್ಥವುಳ್ಳ ಶಬ್ದ. ನಮ್ಮ ‘ವಿಷ’ ಶಬ್ದವೂ ಅದೂ ಒಂದೇ ಮೂಲದಿಂದ ಬಂದವೆಂದು ಭಾಷಾಶಾಸ್ತ್ರಜ್ಞರು ಹೇಳುವರು. ಆದಕಾರಣ ಆಂಟಿವೈರಸನ್ನು ‘ಪ್ರತಿವಿಷ’ವೆಂದರೆ ಅದು ಕೇವಲ ಭಾಷಾಂತರವಲ್ಲ, ಮನೆಗೆ ಮರಳಿದ ನಂಟನನ್ನು ಹೆಸರು ಹಿಡಿದು ಕರೆದಂತೆ.

ಈ ಪ್ರತಿವಿಷವು ಕೆಲಸ ಮಾಡುವ ಬಗೆ ಹೀಗಿದೆ. ನಾವು ಯಾವುದೊಂದು ಕಡತವನ್ನು ತೆರೆಯಹೋದರೂ ಅದು ನಡುವೆ ನಿಂತು ತಡೆದು, ಕಡತವನ್ನು ಓದಿ, ತನ್ನಲ್ಲಿರುವ ಕಳ್ಳರ ಲಕ್ಷಣಗಳ ಪಟ್ಟಿಯೊಡನೆ ಹೋಲಿಸಿ, ದೋಷವಿಲ್ಲವೆಂದು ಕಂಡ ಬಳಿಕ ಬಿಡುವುದು. ಇಂತಹ ಇಬ್ಬರನ್ನು ಒಂದೇ ಬಾಗಿಲಲ್ಲಿ ನಿಲ್ಲಿಸಿದರೆ ಏನಾಗುವುದು? ಒಬ್ಬನು ಪರೀಕ್ಷೆಗಾಗಿ ಕಡತವನ್ನು ಮುಟ್ಟಿದೊಡನೆ, ‘ಯಾರೋ ಕಡತವನ್ನು ಮುಟ್ಟಿದರು’ ಎಂದು ಎರಡನೆಯವನೂ ಓಡಿಬರುವನು. ಯಂತ್ರವು ಎತ್ತಿನ ಬಂಡಿಯ ವೇಗಕ್ಕಿಳಿಯುವುದು. ಒಬ್ಬನು ಸೋಂಕಿದ ಕಡತವನ್ನು ಸೆರೆಯಲ್ಲಿಡಹೋದಾಗ ಇನ್ನೊಬ್ಬನು ಅದನ್ನೇ ಅಳಿಸಹೋಗಿ, ಇಬ್ಬರ ಕೈಯಲ್ಲೂ ಕೆಲಸವು ಕೆಡುವುದುಂಟು. ಒಬ್ಬನ ಬಳಿಯಿರುವ ಕಳ್ಳರ ಲಕ್ಷಣಪಟ್ಟಿಯನ್ನು ಕಂಡು ಮತ್ತೊಬ್ಬನು ಇವನೇ ಕಳ್ಳನೆಂದು ಕೂಗುವುದೂ ಉಂಟು. ಸಂಸ್ಕೃತದಲ್ಲಿ ಇದಕ್ಕೆ ಸುಂದೋಪಸುಂದ ನ್ಯಾಯವೆಂದು ಹೆಸರು. ಪರಸ್ಪರರಿಂದಲ್ಲದೆ ಮರಣವಿಲ್ಲವೆಂಬ ವರವನ್ನು ಪಡೆದ ಆ ಅಣ್ಣತಮ್ಮಂದಿರು ತಿಲೋತ್ತಮೆಗಾಗಿ ಹೊಡೆದಾಡಿ ಇಬ್ಬರೂ ಮಡಿದ ಕಥೆಯು ಭಾರತದ ಆದಿಪರ್ವದಲ್ಲಿದೆ. ಇಲ್ಲಿ ತಿಲೋತ್ತಮೆಯ ಸ್ಥಾನದಲ್ಲಿರುವುದು ಒಂದು ಸೋಂಕಿದ ಕಡತ, ಅಷ್ಟೇ ಭೇದ.

ಕಾವಲುಗಾರನು ನಿಲ್ಲುವ ಜಾಗವು ಯಂತ್ರದ ಗರ್ಭಗುಡಿಯೆಂಬುದನ್ನೂ ನೆನಪಿಡಬೇಕು. 2010ರ ಏಪ್ರಿಲ್ 21ರಂದು ಮೆಕಾಫೀ ಸಂಸ್ಥೆಯ ಲಕ್ಷಣಪಟ್ಟಿಯೊಂದು ವಿಂಡೋಸ್ ಎಕ್ಸ್‌ಪಿಯ ಸ್ವಂತ ಅಂಗವೊಂದನ್ನೇ ವೈರಸ್ಸೆಂದು ಬಗೆದು ಅನೇಕ ಯಂತ್ರಗಳನ್ನು ನಿಲ್ಲಿಸಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಾವಲು ತಂತ್ರಾಂಶದ ದೋಷವುಳ್ಳ ನವೀಕರಣದಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಒಮ್ಮೆಗೇ ಕೆಟ್ಟವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿಯೂ ಪ್ರಯಾಣಿಕರಿಗೆ ಕೈಬರಹದ ಚೀಟಿ ಕೊಡಬೇಕಾಯಿತು. ಒಬ್ಬನೇ ಎಡವಿದರೆ ಇಷ್ಟು. ಇಬ್ಬರನ್ನು ಒಳಗೆ ಬಿಡುವ ಮೊದಲು ಗೃಹಸ್ಥನು ಎರಡು ಸಲ ಯೋಚಿಸತಕ್ಕದ್ದು.

ಹಾಗಾದರೆ ಎರಡನೆಯವನು ಸರ್ವಥಾ ಬೇಡವೇ? ಹಾಗೆಂದು ನಾವು ಹೇಳುವುದಿಲ್ಲ. ಮನೆಯ ವೈದ್ಯರಿಗೆ ತಿಳಿಯದ ರೋಗವನ್ನು ಕಲಬುರಗಿಯ ವೈದ್ಯರಿಗೆ ಒಮ್ಮೆ ತೋರಿಸಿ ಬರುವುದುಂಟಷ್ಟೆ? ಎಲ್ಲ ಸಂಸ್ಥೆಗಳ ಲಕ್ಷಣಪಟ್ಟಿಗಳೂ ಒಂದೇ ಸಮನಾಗಿರುವುದಿಲ್ಲವಾದ್ದರಿಂದ ಒಬ್ಬನ ಕಣ್ಣಿಗೆ ತಪ್ಪಿದ್ದು ಮತ್ತೊಬ್ಬನಿಗೆ ಕಾಣಬಹುದು. ಆದರೆ ಅವನು ಬಂದು, ನೋಡಿ, ಹೊರಟುಹೋಗುವವನಾಗಿರಬೇಕು. ಮೈಕ್ರೋಸಾಫ್ಟ್ ಸಂಸ್ಥೆಯು ಬಿಟ್ಟಿಯಾಗಿ ಕೊಡುವ ಸೇಫ್ಟಿ ಸ್ಕ್ಯಾನರ್ ಇಂಥದು. ಇಳಿಸಿಕೊಂಡ 10 ದಿನಗಳಿಗೆ ಅದರ ಆಯುಷ್ಯವು ತೀರುವುದರಿಂದ ಪ್ರತಿಸಲವೂ ಹೊಸದನ್ನೇ ತರಬೇಕು. ಈಸೆಟ್ ಸಂಸ್ಥೆಯ ಆನ್‌ಲೈನ್ ಸ್ಕ್ಯಾನರೂ ಈ ಜಾತಿಯದೇ. ಮತ್ತೆ ಕೆಲವು ಪರೀಕ್ಷಕಗಳು ಹಾಕಿಸಿಕೊಂಡೊಡನೆ ಕೆಲವು ದಿನಗಳ ಮಾದರಿ ಸೇವೆಯೆಂದು ನಿತ್ಯಕಾವಲಿಗೂ ನಿಂತುಬಿಡುವುವು. ಅದನ್ನು ಕೂಡಲೆ ನಿಲ್ಲಿಸತಕ್ಕದ್ದು.

ವಿಂಡೋಸ್ ಯಂತ್ರದಲ್ಲಿ ಡಿಫೆಂಡರ್ ಎಂಬ ಕಾವಲುಗಾರನು ಹುಟ್ಟಿನಿಂದಲೇ ಇದ್ದಾನೆ. ಮನೆಯ ಯಂತ್ರದಲ್ಲಿ ಬೇರೊಂದು ಆಂಟಿವೈರಸ್ಸನ್ನು ಹಾಕಿಸಿದರೆ ಅವನು ತಾನಾಗಿ ಹಿಂದೆ ಸರಿಯುವನು. ಹಾಗೆ ಸರಿದವನನ್ನೂ ಆಗಾಗ ಪರೀಕ್ಷೆಗೆ ಮಾತ್ರ ಕರೆಯುವ ಏರ್ಪಾಡನ್ನು 2016ರಲ್ಲಿ ವಿಂಡೋಸ್ 10ರೊಳಗೆ ಕಲ್ಪಿಸಿದರು. ‘ವಿಂಡೋಸ್ ಸೆಕ್ಯೂರಿಟಿ’ಯನ್ನು ತೆರೆದು, ವೈರಸ್ಸಿನ ವಿಭಾಗದಲ್ಲಿ ‘ಪೀರಿಯಾಡಿಕ್ ಸ್ಕ್ಯಾನಿಂಗ್’ ಎಂಬುದನ್ನು ಚಾಲೂ ಮಾಡಿದರೆ ಸಾಕು. ಹಣ ಕೊಟ್ಟು ಆಂಟಿವೈರಸ್ ಕೊಂಡವರಿಗೆ ಇದಕ್ಕಿಂತ ಸುಲಭವಾದ ಎರಡನೆಯ ಅಭಿಪ್ರಾಯವು ಬೇರೊಂದಿಲ್ಲವೆಂದು ನಮ್ಮ ಎಣಿಕೆ.

ಕೊಳ್ಳುವವರು ನಮ್ಮ ಸೀಮೆಯ ಅಂಗಡಿಗಳಲ್ಲಿ ಕ್ವಿಕ್ ಹೀಲ್ ಎಂಬ ಹೆಸರನ್ನು ಕೇಳಿಯೇ ಇರುವರು. ಪುಣೆಯಲ್ಲಿ ಕ್ಯಾಲ್ಕುಲೇಟರು ದುರಸ್ತಿಯಿಂದ ಆರಂಭಿಸಿ 1990ರ ದಶಕದಲ್ಲಿ ಈ ತಂತ್ರಾಂಶವನ್ನು ಕಟ್ಟಿದವರು ಕೈಲಾಸ ಮತ್ತು ಸಂಜಯ ಕಾಟ್ಕರ್ ಎಂಬ ಸಹೋದರರು. ಇದಲ್ಲದೆ ಭಾರತ ಸರ್ಕಾರವು 2017ರ ಫೆಬ್ರವರಿಯಲ್ಲಿ ಸೈಬರ್ ಸ್ವಚ್ಛತಾ ಕೇಂದ್ರವನ್ನು ತೆರೆದು, ಸೋಂಕು ಕಳೆಯುವ ಸಾಧನಗಳನ್ನು ಪ್ರಜೆಗಳಿಗೆ ಬಿಟ್ಟಿಯಾಗಿ ಕೊಡುವ ವ್ಯವಸ್ಥೆ ಮಾಡಿತು. ಇದು ಬಲ್ಲವರು ಕಡಿಮೆ. ಕದ್ದ ತಂತ್ರಾಂಶವನ್ನು ನೂರು ರೂಪಾಯಿಗೆ ಹಾಕಿಸಿಕೊಳ್ಳುವ ಅಭ್ಯಾಸದ ಮೇಲೆ ನಮಗೆ ಬಹಳ ಕೋಪವಿದೆ. ಕಳ್ಳನ ಕೈಯಿಂದ ಬೀಗ ಕೊಂಡವನು ಬೀಗದ ಕೈ ಎಷ್ಟಿವೆಯೆಂದು ಯಾರನ್ನು ಕೇಳುವನು?

ಎರಡನೆಯ ಪರೀಕ್ಷಕನು ಕೆಂಪಕ್ಷರದಲ್ಲಿ ಏನನ್ನು ತೋರಿಸಿದರೂ ಕೂಡಲೆ ಅಳಿಸಲು ಒಪ್ಪಬಾರದು. ಮೊದಲನೆಯವನು ಸೆರೆಯಲ್ಲಿಟ್ಟ ಕಡತವನ್ನೇ ಇವನು ಹೊಸ ಕಳ್ಳನೆಂದು ತೋರಿಸಬಹುದು, ನಿರಪರಾಧಿಯನ್ನೂ ಶಂಕಿಸಬಹುದು. ಹೆಸರನ್ನು ಓದಿ, ಅಳಿಸುವುದಕ್ಕೆ ಬದಲು ಸೆರೆಯಲ್ಲಿಡುವುದು ಲೇಸು. ಸಂಶಯವುಳ್ಳ ಒಂದು ಕಡತವನ್ನು ಹತ್ತಾರು ಆಂಟಿವೈರಸ್ಸುಗಳಿಗೆ ಒಮ್ಮೆಗೇ ತೋರಿಸುವ ವೈರಸ್‌ಟೋಟಲ್ ಎಂಬ ಜಾಲತಾಣವೂ ಉಂಟು. 2004ರಲ್ಲಿ ಸ್ಪೇನಿನಲ್ಲಿ ಹುಟ್ಟಿ 2012ರಲ್ಲಿ ಗೂಗಲ್ ಸಂಸ್ಥೆಯ ಕೈಸೇರಿತು. ಅಲ್ಲಿಗೆ ಕಳಿಸಿದ ಕಡತವು ಅನೇಕ ಸಂಸ್ಥೆಗಳ ಕೈಗೆ ಹೋಗುವುದಾದ್ದರಿಂದ ಆಧಾರ್ ಪ್ರತಿ, ಬ್ಯಾಂಕಿನ ಪಾಸ್‌ಬುಕ್ಕು, ಮನೆಯ ಹೆಂಗಸರ ಭಾವಚಿತ್ರ ಇವನ್ನು ಎಂದಿಗೂ ಕಳಿಸಕೂಡದು.

ಏನನ್ನೋ ಓದುತ್ತಿರುವಾಗ ಪರದೆಯ ಮೇಲೆ ತಟ್ಟನೆ ಗಂಟೆ ಬಾರಿಸಿ, ‘ನಿಮ್ಮ ಯಂತ್ರದಲ್ಲಿ ಐದು ವೈರಸ್ಸುಗಳಿವೆ, ಈ ಸಂಖ್ಯೆಗೆ ಕರೆಮಾಡಿರಿ’ ಎನ್ನುವವನು ಪರೀಕ್ಷಕನಲ್ಲ, ಕಳ್ಳನೇ. ಕರೆಮಾಡಿ ಹಣ ಕಳೆದುಕೊಂಡವರು ನಾಚಿಕೊಂಡು ಕೂಡದೆ ಆ ಗಳಿಗೆಯಲ್ಲೇ 1930ಕ್ಕೆ ದೂರು ಕೊಡಬೇಕು. ತಡವಾದಷ್ಟೂ ಹಣವು ಕೈಯಿಂದ ಕೈಗೆ ಹೋಗಿ ತಡೆಹಿಡಿಯುವುದು ಕಷ್ಟವಾಗುವುದು.

ಎಷ್ಟು ಪರೀಕ್ಷಕರಿದ್ದರೂ ಮುಚ್ಚಲಾಗದ ಬಿರುಕೊಂದಿದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ಜಗತ್ತಿನ ಯಂತ್ರಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ಹೊಕ್ಕ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟಿನವರು ಮಾರ್ಚಿಯಲ್ಲೇ ಹಂಚಿದ್ದರು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರವುಳ್ಳವರು ಎರಡನೆಯ ಆಂಟಿವೈರಸ್ಸಿಗೆ ತೆರುವ ಹಣದಲ್ಲಿ ಒಂದು ಹೊರ ಹಾರ್ಡ್‌ಡಿಸ್ಕನ್ನು ಕೊಂಡು, ತಿಂಗಳಿಗೊಮ್ಮೆ ಮುಖ್ಯ ಕಡತಗಳ ಪ್ರತಿಯನ್ನು ಅದರಲ್ಲಿಟ್ಟು, ತಂತಿಯನ್ನು ಕಿತ್ತು ಪೆಟ್ಟಿಗೆಯಲ್ಲಿ ಇಡಲಿ.