ಅಂಗೈಯಲ್ಲಿ ಬರೆದ ಅಕ್ಷರ

ಕೆ.ಟಿ. ದೊಡ್ಡಿಯ ನಮ್ಮ ಶಾಲೆಯ ಹುಡುಗನೊಬ್ಬನು ತನ್ನ ಅಜ್ಜಿ ಹೇಳಿದುದನ್ನು ಕೇಳಿ ರಾಯಚೂರಿನ ಅತ್ತೆಗೆ ಕಾಗದ ಬರೆದು, ತಿದ್ದಿಕೊಡಬೇಕೆಂದು ನಮ್ಮ ಮುಂದೆ ಹಿಡಿದನು. ಅದರಲ್ಲಿ ‘ಕಾಕಾ ಬೆರೆ ಆದರು’ ಎಂದಿತ್ತು. ಅಜ್ಜಿ ನುಡಿದುದು ‘ಬೇರೆ’. ಮಗನು ಮನೆಯಿಂದ ಹೊರಟು ಪ್ರತ್ಯೇಕ ಸಂಸಾರ ಹೂಡಿದ ನೋವಿನ ಸುದ್ದಿಯದು. ಒಂದು ದೀರ್ಘ ತಪ್ಪಿದ ಮಾತ್ರಕ್ಕೆ ಅಗಲಿಕೆಯ ಮಾತು ಕೂಡಿಕೆಯ ಮಾತಾಗಿತ್ತು.

ಅವನನ್ನು ಗದರಿಸಲು ನಮಗೆ ಮನಸ್ಸಾಗಲಿಲ್ಲ. ಮನೆಯ ನುಡಿ ಕನ್ನಡವಾದರೂ ಅವನ ಕೈ ಪಳಗಿದ್ದು ತೆಲುಗಿನಲ್ಲಿ. ತೆಲುಗಿನಲ್ಲಿ ಎಕಾರ, ಏಕಾರಗಳಿಗೆ ಅಕ್ಷರದ ತಲೆಯ ಮೇಲೆಯೇ ಬೇರೆ ಬೇರೆ ಗುರುತುಗಳುಂಟು. ಕನ್ನಡದಲ್ಲಾದರೋ ಎತ್ವ ಕೊಟ್ಟ ಬಳಿಕ ಪಕ್ಕದಲ್ಲಿ ದೀರ್ಘವನ್ನು ಎಳೆಯಬೇಕು. ‘ಪುಸ್ತಕ’ ಎಂಬಲ್ಲಿ ನಮ್ಮ ಮಕ್ಕಳು ‘ಪುಸ್ತಕಂ’ ಎಂದು ಬರೆಯುವುದೂ ಇದೇ ರೂಢಿಯಿಂದ. ಲಿಪಿಗಳೆರಡೂ ಒಡಹುಟ್ಟಿದವು, ಹೋಲಿಕೆ ಹೆಚ್ಚಿದ್ದಲ್ಲಿಯೇ ಎಚ್ಚರವೂ ಹೆಚ್ಚು ಬೇಕು.

ಆಗ ನಮ್ಮ ನೆನಪಿಗೆ ಬಂದವಳು ಕಾವ್ಯಾ ಶಿವಶಂಕರ್. ಅಮೆರಿಕದ ಕ್ಯಾನ್ಸಾಸ್ ರಾಜ್ಯದ ಓಲೇತ ಪಟ್ಟಣದಲ್ಲಿ ನೆಲೆಸಿದ, ಕರ್ನಾಟಕ ಮೂಲದ ಕುಟುಂಬದ ಈ ಬಾಲಕಿ 2009ರಲ್ಲಿ, 13ನೆಯ ವಯಸ್ಸಿನಲ್ಲಿ, ಅಲ್ಲಿನ ರಾಷ್ಟ್ರೀಯ ಕಾಗುಣಿತ ಸ್ಪರ್ಧೆಯಲ್ಲಿ ಪ್ರಥಮಳಾದಳು. ಸ್ಪರ್ಧಿಗಳು 293 ಮಂದಿ. ಆ ಗೆಲುವು ಒಂದೇ ಜಿಗಿತದಲ್ಲಿ ಬಂದುದಲ್ಲ. 2006ರಲ್ಲಿ ಆಕೆ ಹತ್ತನೆಯವಳು, ಮರುವರ್ಷ ಎಂಟನೆಯವಳು, 2008ರಲ್ಲಿ ನಾಲ್ಕನೆಯವಳು. ಮನೆಯಲ್ಲಿ ತಂದೆಯೇ ಗುರು. 2015ರಲ್ಲಿ ತಂಗಿ ವನ್ಯಾ ಅದೇ ಪ್ರಶಸ್ತಿಯನ್ನು ಇನ್ನೊಬ್ಬ ಸ್ಪರ್ಧಿಯೊಡನೆ ಹಂಚಿಕೊಂಡಳು.

ಇಂಗ್ಲಿಷಿನಲ್ಲಿ ಕಿವಿಗೆ ಬಿದ್ದುದು ಹಾಗೆಯೇ ಕಾಗದಕ್ಕೆ ಇಳಿಯುವುದಿಲ್ಲ. ಆದುದರಿಂದ ಸ್ಪರ್ಧಿಯು ಶಬ್ದದ ಅರ್ಥವೇನು, ಅದು ಯಾವ ಭಾಷೆಯಿಂದ ಬಂದುದು, ವಾಕ್ಯದಲ್ಲಿ ಹೇಗೆ ಬಳಕೆಯಾಗುತ್ತದೆ ಎಂದು ಕೇಳಬಹುದು. ಕಾವ್ಯಾ ಇವನ್ನೆಲ್ಲ ಕೇಳಿ, ಬೆರಳಿನಿಂದ ಅಂಗೈಯ ಮೇಲೆ ಬರೆದು ನೋಡಿ, ಅನಂತರವೇ ಒಂದೊಂದಾಗಿ ಅಕ್ಷರಗಳನ್ನು ಹೇಳುತ್ತಿದ್ದಳು.

ನಮ್ಮದು ನುಡಿದಂತೆ ಬರೆಯುವ ಭಾಷೆ, ಇದಕ್ಕೆ ಅಭ್ಯಾಸವೇತಕ್ಕೆ ಎಂದು ಕೆಲವು ತಂದೆತಾಯಿಗಳು ಕೇಳುವುದುಂಟು. ನುಡಿದಂತೆ ಬರೆಯಬೇಕಾದರೆ ಮೊದಲು ಸರಿಯಾಗಿ ಕೇಳಬೇಕು. ‘ಬಲೆ’ ಬೇರೆ, ‘ಬಳೆ’ ಬೇರೆ. ‘ಅಕ್ಕಿ’ ಬೇರೆ, ‘ಹಕ್ಕಿ’ ಬೇರೆ. ಈ ಭೇದವನ್ನು ಕಿವಿಗೂ ಕೈಗೂ ಕಲಿಸುವ ಸಾಧನವೇ ಉಕ್ತಲೇಖನ. ಇದಕ್ಕೆ ಶಾಲೆಯೇ ಬೇಕೆಂದಿಲ್ಲ. ಊಟವಾದ ಮೇಲೆ ಅಜ್ಜಿ ದಿನಕ್ಕೆ ಹತ್ತು ಶಬ್ದ ನುಡಿಯಲಿ, ಅರ್ಥ ಹೇಳಲಿ, ಮಗು ಬರೆಯಲಿ. ಅಜ್ಜಿಗೆ ಓದುಬರಹ ಬಾರದಿದ್ದರೂ ಅಡ್ಡಿಯಿಲ್ಲ. ಅವಳ ಬಾಯಲ್ಲಿರುವ ಕನ್ನಡ ನಮ್ಮ ಎಷ್ಟೋ ಪಠ್ಯಪುಸ್ತಕಗಳಲ್ಲಿಲ್ಲ; ಅದನ್ನು ಬರೆದಿಡುವ ಕೈ ಮೊಮ್ಮಗನದೇ ಆಗಬೇಕು.

ಕಾವ್ಯಾ ಗೆದ್ದ ಕೊನೆಯ ಶಬ್ದ ‘ಲಾಓಡಿಸಿಯನ್’. ಧರ್ಮ, ರಾಜಕಾರಣಗಳ ವಿಷಯದಲ್ಲಿ ಉತ್ಸಾಹವಿಲ್ಲದ ಉದಾಸೀನನೆಂದು ಅದರ ಅರ್ಥ. ತಾಯ್ನುಡಿಯ ವಿಷಯದಲ್ಲಿ ನಾವು ಅಂಥವರಾಗದಿರೋಣ.

ಹುಡುಗನು ಅಂದು ‘ಬೇರೆ’ ಎಂಬುದನ್ನು ಅಂಗೈಯಲ್ಲಿ ಮೂರು ಸಲ ಬರೆದು, ಕಾಗದವನ್ನು ತಿದ್ದಿ, ಮಡಚಿಕೊಂಡು ಹೋದನು.